ಮಿಸ್ಡ್ ಕಾಲ್ ಕೊಟ್ಟರೆ ಸಾಕು

ಜೂನ್ 3, ಸೋಮವಾರ

ಮತ್ತೆ ಅದೇ ಜಗಳ. ಪೂರಿಗಾಲಿ ಲೈನ್ ಕೆಲಸ ಮುಗಿಯಿತು, ಕರೆಂಟು ಬಿಡಿ ಅಂತ ಲೈನ್‌ಮನ್ ಕೆಂಪಸಿದ್ದಯ್ಯ ಫೋನ್ ಮಾಡಿದರು. ಯಾರ್ಯಾರು ಕಂಬದಿಂದ ಇಳಿದಿದ್ದೀರಿ, ಹೆಸರು ಹೇಳಿ ಅಂದೆ. ಕೇಳಿಸಿಕೊಳ್ಳದೆ ನಾನು ಸ್ವಿಚ್ ಮುಟ್ಟುವವಳಲ್ಲ. ಸಂಜೆ ಸಬ್‌ಸ್ಟೇಷನ್ನಿಗೇ ಬಂದು ಎಲ್ಲರ ಮುಂದೆ ರೇಗಿದರು.

“ನಾನು ಕಂಬ ಅತ್ತಕ್ಕೆ ಸುರು ಮಾಡ್ದಾಗ ನೀನಿನ್ನೂ ಉಟ್ಟೇ ಇರ್ನಿಲ್ಲ ಕಣಮ್ಮ. ನಂಬ್ಕೆ ಇಲ್ದಿದ್ರೆ ನೀನೇ ಬಂದು ನೋಡು.”

ಉಳಿದವರು ನಕ್ಕರು. ಮಂಡ್ಯದಿಂದ ವರ್ಗವಾಗಿ ಬಂದು ಮೂರು ತಿಂಗಳು. ನಾನು ಒಳಗೆ ಬಂದರೆ ಮಾತು ನಿಲ್ಲುತ್ತದೆ. ಆಪರೇಟರ್ ಮೇಡಂ... ಅಷ್ಟೇ. ಅಳು ಬಂತು. ಅಳಲಿಲ್ಲ.

ಜೂನ್ 21, ಶುಕ್ರವಾರ

ಸೋತೆ. ಇನ್ನು ಹೆಸರು ಕೇಳುವುದಿಲ್ಲ ಅಂದೆ. ಕೆಲಸ ಮುಗಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಲೈನ್ ಆನ್ ಮಾಡುತ್ತೇನೆ — ಹಿಂದಿನ ಆಪರೇಟರ್ ಮಾಡುತ್ತಿದ್ದಂತೆ. ಹಿರಿಯ ಲೈನ್‌ಮನ್ ಪುಟ್ಟರಾಜು, ಈಗ ನಮ್ಮೋಳಾದೆ ಅಂದರು. ಖುಷಿಯಾಯಿತು. ನಾಚಿಕೆಗೆಟ್ಟ ಖುಷಿ.

ಜುಲೈ 28, ಭಾನುವಾರ

ಕೆಂಪಸಿದ್ದಯ್ಯನವರ ಮನೆಗೆ ಕಿರುಗಾವಲಿಗೆ ಹೋಗಿದ್ದೆ. ಕರೆದಿದ್ದು ಅವರೇ! ಹೆಂಡತಿ ಪುಟ್ಟಮಾದಮ್ಮ ಹೂ ಮುಡಿಸಿದರು. ನಮ್ ಗೌತಮಿ ಸುಳ್ಳು ಗಿಳ್ಳು ಹೇಳೋಳಲ್ಲ ಅಂತ ಗಂಡ ಹೊಗಳಿದ್ದರಂತೆ. ಬಸ್ಸಿನವರೆಗೂ ಬಂದು ಹತ್ತಿಸಿದರು ಪುಣ್ಯಾತ್ಮ.

ಆಗಸ್ಟ್ 14, ಬುಧವಾರ

ಕೆಂಪಸಿದ್ದಯ್ಯ ಹೋದರು.

ಪೂರಿಗಾಲಿ ಹತ್ತಿರ ತಂತಿ ಕಡಿದಿತ್ತು. ನನ್ನ ಹತ್ತಿರ ಲೈನ್ ಆಫ್ ಮಾಡಿಸಿಕೊಂಡೇ ಹತ್ತಿದ್ದರು. ಮಧ್ಯಾಹ್ನ ಅವರ ನಂಬರಿನಿಂದ ಒಂದು ರಿಂಗು. ಕಟ್ಟಾಯಿತು. ಆನ್ ಮಾಡಿದೆ.

ಮುಗಿದಿರಲಿಲ್ಲವಂತೆ. ಇನ್ನೂ ತಡವಾಗುತ್ತದೆ ಅಂತ ಹೇಳಲು ಕಂಬದ ಮೇಲಿನಿಂದಲೇ ಫೋನ್ ಮಾಡಿದ್ದರಂತೆ. ಅಲ್ಲಿ ಸಿಗ್ನಲ್ ನಿಲ್ಲುವುದಿಲ್ಲ.

ತಿರುಗಿ ಒಂದು ಫೋನ್ ಮಾಡಬಹುದಿತ್ತು. ಒಂದೇ ಒಂದು...

ಆಗಸ್ಟ್ 16, ಶುಕ್ರವಾರ

ಲೈನ್‌ಮನ್‌ಗಳೆಲ್ಲ ನನ್ನ ರೂಮಿಗೆ ಬಂದಿದ್ದರು. ಪುಟ್ಟರಾಜು ಬಾಗಿಲು ಹಾಕಿ ಮೆಲ್ಲಗೆ ಹೇಳಿದರು.

“ಓದೋನು ಓದ. ಲೈನ್ ಆಫ್ ಮಾಡುಸ್ದೆ ತಾನೇ ಅತ್ತಿದ್ದ ಅನ್ನು. ನಾವೂ ಅಂಗೇ ಏಳ್ತೀವಿ. ನಿನ್ನ ಬುಟ್ಕೊಡಕ್ಕಾಯ್ತದಾ?”

ಮಿಸ್ಡ್ ಕಾಲ್ ವಿಷಯ ಹೊರಬಿದ್ದರೆ ಅವರೂ ಸಿಕ್ಕಿಬೀಳುತ್ತಾರೆ, ಗೊತ್ತು. ಆದರೆ ತಪ್ಪು ಸತ್ತವರದು ಅಂತಾದರೆ ಪುಟ್ಟಮಾದಮ್ಮನಿಗೆ ಪರಿಹಾರವಿಲ್ಲ, ಮಗಳು ನಯನಳಿಗೆ ಅಪ್ಪನ ಬದಲು ಕೆಲಸವೂ ಇಲ್ಲ. ಅದನ್ನೇ ಹೇಳಿದೆ. ಒಬ್ಬೊಬ್ಬರಾಗಿ ಎದ್ದು ಹೋದರು.

ಆಗಸ್ಟ್ 20, ಮಂಗಳವಾರ

ಮಂಡ್ಯದಿಂದ ಸಾಹೇಬರು ವಿಚಾರಣೆಗೆ ಬಂದಿದ್ದರು. ಹೇಳಿಬಿಟ್ಟೆ. ಪುಟ್ಟರಾಜು ಹೇಳಿಕೊಟ್ಟಂತೆಯೇ. ಎಲ್ಲರದೂ ಒಂದೇ ಮಾತು. ನಿಮ್ಮ ಸ್ಟೇಷನ್ನಿನಲ್ಲಿ ಹೊಂದಾಣಿಕೆ ಚೆನ್ನಾಗಿದೆ ಕಣ್ರೀ ಅಂದರು ಸಾಹೇಬರು.

ಹೇಳಿಕೆಗೆ ಸಹಿ ಹಾಕಿದೆ.

ಆಗಸ್ಟ್ 23, ಶುಕ್ರವಾರ, ಬೆಳಿಗ್ಗೆ 11

ಪುಟ್ಟಮಾದಮ್ಮ ಬಂದಿದ್ದಾರೆ. ದೂರದಿಂದ ನೋಡಿದ್ದೇ ತಡ, ಲೈನ್‌ಮನ್‌ಗಳೆಲ್ಲ ಹಿಂದಿನ ಬಾಗಿಲಿನಿಂದ ಜಾರಿಕೊಂಡರು. ಧೀರರು. ಆಕೆ ಅಳಲಿಲ್ಲ, ಬೈಯಲಿಲ್ಲ.

“ಸಾಯೇಬ್ರು ಏನಾರ ಅಂದ್ಕೊಳ್ಳಿ. ನಮ್ಮೆಜಮಾನ್ರು ಏಳ್ದೆ ಕೇಳ್ದೆ ಅತ್ತುದ್ರಾ? ನೀನೇಳವ್ವ, ನಂಬ್ತೀನಿ.”

ಬೆಂಚಿನ ಮೇಲೆ ಕೂರಿಸಿ, ನೀರು ತರುತ್ತೇನೆ ಅಂತ ಒಳಗೆ ಬಂದೆ. ಕೆಲಸ ಹೋಗುತ್ತದೆ. ಜೈಲೂ ಆಗಬಹುದು. ಪುಟ್ಟರಾಜು ಫೋನ್ ಮಾಡುತ್ತಲೇ ಇದ್ದಾರೆ, ಎತ್ತುತ್ತಿಲ್ಲ. ಬಾಯಿ ತಡವರಿಸದಿರಲಿ ಅಂತ ಮೊದಲು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ —

ಪುಟ್ಟಮಾದಮ್ಮ, ಅವರು ನನಗೆ ಹೇಳಿಯೇ ಹತ್ತಿದ್ದರು. ಕರೆಂಟು ಬಿಟ್ಟವಳು...