ಅತ್ತೆಯ ಎಡತೋಳು

ಮಾರ್ಚ್ 4, ಬೆಳಗ್ಗೆ

ನಲ್ಲಿಯ ಸಾಲಿನಲ್ಲಿ ಬಕೆಟ್ ಇಟ್ಟು ಬಂದಿದ್ದೇನೆ. ನಾವು ತಂಗಿರುವ ಗೋಡೌನಿಗೆ ಗೋಡೌನೇ ಕಜ್ಜಿ. ಪರದೆಯ ಆಚೆ ಒಬ್ಬರು ಕೆರೆದರೆ ಈಚೆ ನಮಗೂ ಶುರು. ಯುದ್ಧಕ್ಕೆ ಹೆದರಿ ಓಡಿ ಬಂದವರೆಲ್ಲ ಮೈಗೆ ಮೈ ತಾಗಿಸಿ ಮಲಗಿದರೆ ಇನ್ನೇನಾಗುತ್ತದೆ! ಆದರೆ ಸುದ್ದಿ ಬಂದಿದೆ — ಶುಕ್ರವಾರ ಚರ್ಮದ ಡಾಕ್ಟರು. ಎಲ್ಲರಿಗೂ ಒಂದೇ ದಿನ ಔಷಧಿ. ಕುಣಿದುಬಿಡೋಣ ಅನ್ನಿಸಿತು. ಅತ್ತೆ ಮಾತ್ರ ಎಡತೋಳಿನ ಮೇಲೆ ಶಾಲು ಎಳೆದುಕೊಂಡರು.

ಅದೇ ದಿನ, ಮಧ್ಯಾಹ್ನ

ಅತ್ತೆಗೆ ಕುಷ್ಠ. ಊರಲ್ಲಿ ಮಾತ್ರೆ ನಡೆಯುತ್ತಿತ್ತು. ಓಡಿ ಬಂದಾಗ ಜೀವ ನಮ್ಮ ಜೊತೆ ಬಂತು, ಮಾತ್ರೆ ಅಲ್ಲೇ ಉಳಿಯಿತು. ಮಚ್ಚೆ ಈಗ ಅಂಗೈಯಗಲ... ಗೊತ್ತಾದರೆ ಇಲ್ಲಿಂದಲೂ ಓಡಿಸುತ್ತಾರೆ ಎಂಬ ಭಯ. ಶುಕ್ರವಾರ ಬಚ್ಚಲಲ್ಲಿ ಅಡಗಿರುತ್ತೇನೆ ಎಂದರು. ನಾನೂ ಹೂಂ ಅಂದೆ.

ಮಾರ್ಚ್ 6

ಮಗಳಿಗೆ ಸ್ನಾನ ಮಾಡಿಸುವಾಗ ಬೆನ್ನಲ್ಲಿ ಕಂಡಿತು. ಬಿಳಿ ಮಚ್ಚೆ. ಉಗುರಿನಷ್ಟು. ಅತ್ತೆಯದೂ ಹೀಗೇ ಶುರುವಾಗಿದ್ದು. ಅತ್ತೆಯೂ ನೋಡಿದರು.

ಮಾರ್ಚ್ 7, ಶುಕ್ರವಾರ, ಸಂಜೆ

ಎಷ್ಟು ಖುಷಿ ಇವತ್ತು! ಬಚ್ಚಲಲ್ಲಿ ಇರಬೇಕಿದ್ದ ಅತ್ತೆ, ಮೊಮ್ಮಗಳ ಕೈ ಹಿಡಿದು ಇಡೀ ಸಾಲನ್ನು ದಾಟಿ ನೇರ ಡಾಕ್ಟರಮ್ಮನ ಮುಂದೆ! ಶಾಲು ಕಿತ್ತು ತೋಳು ಚಾಚಿದರು.

"ಇದು ಕುಷ್ಠ ಡಾಕ್ಟ್ರೇ. ನನ್ನ ಎಲ್ಲಿಗೆ ಬೇಕಾದ್ರೂ ಕಳಿಸಿ. ಮೊದ್ಲು ಈ ಮಗು ಬೆನ್ನು ನೋಡಿ."

ಕೆಲವರು ಹಿಂದೆ ಸರಿದರು. ಡಾಕ್ಟರಮ್ಮ ಹತ್ತಿಯ ಎಳೆಯಿಂದ ಮಗಳ ಮಚ್ಚೆ ಸವರಿದರು. ಅವಳು ಕಿಸಕ್ಕನೆ ನಕ್ಕಳು — ಕಚಗುಳಿಯಂತೆ! ಸ್ಪರ್ಶ ತಿಳಿಯುತ್ತಿದೆ, ಕುಷ್ಠವಾದರೆ ಮಚ್ಚೆ ಮರಗಟ್ಟಿರುತ್ತದೆ, ಇದು ಒಣ ಚರ್ಮ ಇರಬೇಕು, ಆದರೂ ಮತ್ತೊಮ್ಮೆ ನೋಡೋಣ ಎಂದರು. ಅತ್ತೆಯ ಮಚ್ಚೆಗೆ ಹತ್ತಿ ತಾಗಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಅದೇ ತೋಳನ್ನು ಹಿಡಿದುಕೊಂಡೇ ಡಾಕ್ಟರಮ್ಮ ಸಾಲಿಗೆಲ್ಲ ಕೇಳುವಂತೆ ಹೇಳಿದರು:

"ಅಮ್ಮನ್ನ ಎಲ್ಲಿಗೂ ಕಳಿಸಲ್ಲ. ಮಾತ್ರೆ ಶುರುವಾದ್ರೆ ಇನ್ನೊಬ್ರಿಗೆ ಹರಡಲ್ಲ. ಮನೆಯವರ ಜೊತೇಲೇ ಇರ್ಲಿ."

ಅತ್ತೆ ಅಳಲಿಲ್ಲ. ನನಗೇ ತಡೆಯಲಾಗಲಿಲ್ಲ.

ಮಾರ್ಚ್ 19

ಡಾಕ್ಟರಮ್ಮ ಇವತ್ತು ಮತ್ತೆ ಬಂದಿದ್ದಾರೆ. ಕೆರೆತ ಇಳಿದಿದೆ. ಗೋಡೌನಿಗೆ ನಿದ್ದೆ ಬಂದಿದೆ!

ಪಕ್ಕದ ಪರದೆಯವಳು — ಬಾಯಿ ಮುಚ್ಚುವುದೇ ಇಲ್ಲವೆಂದು ನಾವು ಇಟ್ಟ ಹೆಸರು 'ರೇಡಿಯೋ' — ಆ ಶುಕ್ರವಾರದಿಂದ ನಮ್ಮ ನೆರಳು ಸೋಕಿದರೂ ದೂರ ಸರಿಯುತ್ತಿದ್ದಳು. ಈಗ ಬಂದು ನಿಂತಿದ್ದಾಳೆ. ರೇಡಿಯೋ ಬಂದ್. ಮೆಲ್ಲನೆ ಪಾದ ತೋರಿಸಿದಳು. ಸುಟ್ಟ ಗಾಯ. ಸುಟ್ಟಾಗ ಉರಿಯೇ ಆಗಲಿಲ್ಲವಂತೆ.

"ಡಾಕ್ಟ್ರ ಹತ್ರ ನನ್ ಜೊತೆ ಬರ್ತೀರಾ ದೊಡ್ಡಮ್ಮ?"

ಅತ್ತೆ ಆಗಲೇ ಚಪ್ಪಲಿ ಮೆಟ್ಟಿದ್ದಾರೆ. ಅವಳ ಕೈ ಹಿಡಿದಿದ್ದಾರೆ, ಅದೂ ಎಡಗೈಯಲ್ಲಿ. ನನ್ನನ್ನೂ ಕೂಗುತ್ತಿದ್ದಾರೆ, ಪೆನ್ನು ಇಟ್ಟು ಬಾರೇ ಅಂತ —