ಮುಚ್ಚಳ ಬಿದ್ದ ಸದ್ದು

ಭಾನುವಾರ, ಮಧ್ಯಾಹ್ನ

ಸಸಿರಾಯರಿಗೆ,

ಕಿವುಡಿಯ ನಮಸ್ಕಾರಗಳು. ಕೋಪ ಬಂದಾಗ ನಾನು ಬಹುವಚನಕ್ಕೆ ಹೋಗುತ್ತೇನೆಂದು ನಿನಗೆ ಗೊತ್ತು. ಇಡೀ ಕಾಗದವನ್ನು ಹಾಗೇ ಬರೆಯೋಣವೆಂದು ಕುಳಿತೆ, ಇಷ್ಟು ವರ್ಷದ ಏಕವಚನ ಬಿಡುತ್ತಿಲ್ಲ. ಅತ್ತೆಯ ಮಂಡಿನೋವು ಹಾಗೇ ಇದೆ, ಉಳಿದಂತೆ ಅವರು ಚೆನ್ನಾಗಿದ್ದಾರೆ. ನಾನು ಚೆನ್ನಾಗಿಲ್ಲ.

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ಇನ್ನೆರಡು ನಿಮಿಷ ಮಾತಾಡಿದ್ದರೆ ನೀನು ನನ್ನನ್ನು ಒಪ್ಪಿಸಿಯೂ ಬಿಡುತ್ತಿದ್ದೆ. ಅದಕ್ಕೇ ಫೋನ್ ಇಟ್ಟೆ. ಈ ಕಾಗದವನ್ನು ನಿಮ್ಮ ಕಲ್ಲುಗಣಿ ಕಂಪನಿಯ ಜೀಪಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಕಾಗದದ ಜೊತೆ ವಾದ ಮಾಡಲಾಗುವುದಿಲ್ಲ.

ಕಲ್ಲು ತೆಗೆದು ಬೋಳಾದ ಗುಡ್ಡದ ಮೇಲೆ ಮತ್ತೆ ಕಾಡು ಬೆಳೆಸುವ ಕೆಲಸ ನಿನಗೆ ಸಿಕ್ಕಾಗ ನಾವಿಬ್ಬರೂ ಅಡುಗೆಮನೆಯ ನೆಲದ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದೆವು. ನೂರು ಜಾತಿಯ ಗಿಡ ನೆಡುತ್ತೇನೆ, ಬಿದ್ದ ಮರವನ್ನು ಬಿದ್ದಲ್ಲೇ ಕೊಳೆಯಲು ಬಿಡುತ್ತೇನೆ, ಹಕ್ಕಿ ಉದುರಿಸಿದ ಬೀಜಕ್ಕೂ ಜಾಗ ಇಡುತ್ತೇನೆ ಎಂದು ನೀನು ಹೇಳಿದ್ದೆ. ಆಮೇಲೆ ನೆಟ್ಟದ್ದು ಬೇಗ ಎತ್ತರವಾಗುವ ಒಂದೇ ಜಾತಿ, ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಹಾಗೆ. ಮೇಲಿನಿಂದ ಫೋಟೋ ತೆಗೆದರೆ ಹಸಿರು ಕಾಣಬೇಕು ಎಂದು ನಿಮ್ಮ ಕಂಪನಿಯ ಸಾಹೇಬರು ಹಟ ಹಿಡಿದರಂತೆ. ಅದನ್ನೂ ನಾನು ನುಂಗಿಕೊಂಡೆ.

ಆ ಮರಗಳಿಗೆ ಕಟ್ಟಿದ ರೆಕಾರ್ಡರುಗಳ ಮೆಮೊರಿ ಕಾರ್ಡುಗಳು ನನ್ನ ಬಳಿಗೆ ಬರುತ್ತವೆ. ಸಾಮಾನಿನ ಕೋಣೆಯ ಗೋಡೆಗೆ ಕಂಬಳಿ ಹೊಡೆದುಕೊಂಡು, ಹೆಡ್‌ಫೋನ್ ಹಾಕಿಕೊಂಡು, ಯಾವ ಹಕ್ಕಿ ಬಂತು, ಯಾವ ಕಪ್ಪೆ ಕೂಗಿತು ಎಂದು ಗುರುತಿಸುವುದು ನನ್ನ ಕೆಲಸ. ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕಿದರೂ ಎಚ್ಚರಾಗುವವಳಿಗೆ ಕಿವುಡಿ ಎಂದು ಹೆಸರಿಟ್ಟವನು ನೀನು. ವರ್ಷಗಟ್ಟಲೆ ನಿನ್ನ ತೋಪಿನಿಂದ ನನಗೆ ಕೇಳಿಸಿದ್ದು ಗಾಳಿ ಮಾತ್ರ.

ಹೋದ ಚಳಿಗಾಲದಲ್ಲಿ ಕರಿ ಮರಕುಟಿಗ ಕೂಗಿತು. ಅದು ಬಂತೆಂದರೆ ಏನರ್ಥವೆಂದು ನನಗೆ ಕಲಿಸಿದವನು ನೀನೇ. ಸತ್ತ ಮರವಿದೆ, ಮರದೊಳಗೆ ಹುಳುವಿದೆ. ಅದು ಕೊರೆದು ಬಿಟ್ಟ ಪೊಟರೆಗೆ ಗೂಬೆ, ಅಳಿಲು, ಜೇನು ಒಂದೊಂದಾಗಿ ಬಾಡಿಗೆಗೆ ಬರುತ್ತವೆ. ನಾನು ಹೆಡ್‌ಫೋನ್ ಕಿತ್ತು ಅತ್ತೆಯ ಕಿವಿಗೆ ಹಾಕಿದೆ. ನಿನಗೆ ಫೋನ್ ಮಾಡಿ ಅತ್ತುಬಿಟ್ಟೆ. ನೀನು, ಒಳ್ಳೇದಾಯ್ತು ಬಿಡು ಎಂದೆ. ನಿನಗೂ ನನ್ನಷ್ಟೇ ಖುಷಿಯಾಗಿದೆ ಎಂದುಕೊಂಡೆನಲ್ಲ, ಆ ಮೂರ್ಖತನವನ್ನು ನೆನೆದರೆ ಮೈ ಉರಿಯುತ್ತದೆ.

ಜೀರುಂಡೆಯಿಲ್ಲ, ಕಪ್ಪೆಯಿಲ್ಲ, ಈ ಮರಕುಟಿಗ ಒಂದೇ ಬಂದು ಏನು ತಿನ್ನುತ್ತದೆ ಎಂದು ನಾನು ಕೇಳಿದೆ. ಮೊದಲು ಒಬ್ಬರು ಬಂದು ಮನೆ ನೋಡಿ ಹೋಗುತ್ತಾರೆ, ಆಮೇಲೆ ಸಂಸಾರ ಬರುತ್ತದೆ ಎಂದು ನೀನು ನನ್ನನ್ನು ನಗಿಸಿದೆ. ಹಕ್ಕಿ ಮರಳಿದೆ ಎಂದು ವರದಿಯಲ್ಲಿ ಬರೆದು ನಾನು ಸಹಿ ಹಾಕಿದೆ. ಗುಡ್ಡದಲ್ಲಿ ಕಳೆದುಕೊಂಡ ಜೀವ ಗುಡ್ಡಕ್ಕೇ ಮರಳಿದರೆ ಮಾತ್ರ ತೊರೆಯಾಚೆಯ ಹಳೇ ಕಾಡನ್ನು ನಿಮ್ಮ ಕಂಪನಿಗೆ ಕಲ್ಲು ತೆಗೆಯಲು ಕೊಡುತ್ತೇವೆ ಎಂದು ಪರವಾನಗಿ ಕೊಡುವ ಸಮಿತಿ ಹೇಳಿತ್ತು. ನಾಳೆ ಆ ಸಮಿತಿ ಸೇರುತ್ತದೆ. ನನ್ನ ಸಹಿಯ ಮೇಲೆ ಆ ಕಾಡು ಹೋಗುತ್ತದೆ.

ಈ ವಾರ ಕೊನೆಯ ಕಾರ್ಡು ಬಂತು. ಅದೇ ಕೂಗು, ಪ್ರತಿ ಸಲ ಒಂದೇ ಕಡೆ ಗಕ್ಕನೆ ನಿಲ್ಲುತ್ತದೆ. ಜೀವ ಇರುವ ಹಕ್ಕಿ ಎರಡು ಸಲ ಒಂದೇ ಥರ ಕೂಗುವುದಿಲ್ಲ. ಅನುಮಾನದಿಂದ ಕೇಳುತ್ತಾ ಹೋದೆ. ಒಂದು ಕಡೆ ಕೂಗು ನಿಂತ ಮೇಲೆ ಠಣ್ ಎಂದು ಸದ್ದು. ಅದರ ಹಿಂದೆಯೇ ಒಬ್ಬ ಹುಡುಗನ ದನಿ, "ಏ ಕಿವು" ಎನ್ನುವಷ್ಟರಲ್ಲಿ ಮುಗಿಯಿತು.

ಫ್ಲಾಸ್ಕಿನ ಮುಚ್ಚಳ ಅದು. ಮದುವೆಯಾದ ಹೊಸದರಲ್ಲಿ, ಹಳೇ ಕಾಡಿನಲ್ಲಿ ನಾವಿಬ್ಬರೂ ಉಸಿರು ಬಿಗಿಹಿಡಿದು ಮೊದಲ ಸಲ ಮರಕುಟಿಗದ ಕೂಗನ್ನು ರೆಕಾರ್ಡರಿನಲ್ಲಿ ಹಿಡಿದಾಗ ನನ್ನ ಕೈಯಿಂದ ಬಿದ್ದದ್ದು. ಹಕ್ಕಿ ಹಾರಿತು, ನೀನು ನಕ್ಕು ನನ್ನನ್ನು ಏ ಕಿವುಡಿ ಎಂದು ಕರೆದೆ. ಆ ಕೂಗನ್ನು ಕತ್ತರಿಸಿ, ಸ್ಪೀಕರಿಗೆ ಹಾಕಿ, ನಿನ್ನ ತೋಪಿನ ಮರಕ್ಕೆ ಕಟ್ಟಿದ್ದೀಯ. ಒಂದು ತುಣುಕನ್ನು ಮಾತ್ರ ಸರಿಯಾಗಿ ಕತ್ತರಿಸಲಿಲ್ಲ.

ನಿನ್ನೆ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಇವತ್ತಲ್ಲ ನಾಳೆ ಹಕ್ಕಿ ಬಂದೇ ಬರುತ್ತೆ ಕಣೇ. ನಾನು ಸ್ವಲ್ಪ ಮುಂಚೆ ಬಂತು ಅಂದೆ, ಅಷ್ಟೇ." ಎಲ್ಲಿಗೆ ಬರುತ್ತದೆ? ಬರಬೇಕಾದ ಹಕ್ಕಿ ಇರುವುದೇ ತೊರೆಯಾಚೆ. ಅದರ ಮನೆ ಒಡೆಸಿ ಅದನ್ನು ಊಟಕ್ಕೆ ಕರೆಯುತ್ತೀಯಾ? ಬೇರೆ ಯಾರಿಗಾದರೂ ಮೋಸ ಮಾಡಿದ್ದರೆ ನಿನ್ನ ಪರವಾಗಿ ಜಗಳಕ್ಕೆ ನಿಲ್ಲುತ್ತಿದ್ದೆನೇನೋ. ನೀನು ಮೋಸ ಮಾಡಿದ್ದು ನನ್ನ ಕಿವಿಗೆ. ಅದಕ್ಕೆ ಬಳಸಿದ್ದು ನಮ್ಮ ಆ ಬೆಳಗನ್ನು.

ಅತ್ತೆಗೆ ಎಲ್ಲ ಹೇಳಿದೆ. ಒಗೆದ ಬಟ್ಟೆ ಮಡಚುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ಚಿಕ್ಕೋನಿದ್ದಾಗ ಹೂ ಬಿಡದ ಗಿಡಕ್ಕೆ ಪಕ್ಕದ ಮನೆ ಹೂವ ದಾರದಲ್ಲಿ ಕಟ್ಟಿ ನಂಗೆ ತೋರಿಸ್ತಿದ್ದ. ನಾನೂ ನಕ್ಕು ಸುಮ್ನಾಗ್ತಿದ್ದೆ. ಆವತ್ತೇ ಕಿವಿ ಹಿಂಡಬೇಕಿತ್ತು," ಎಂದರು. ಆಮೇಲೆ, ಸಮಿತಿಗೆ ಹೋಗು, ಅವನು ಕೇಳಿದರೆ ಅಮ್ಮನೇ ಕಳಿಸಿದ್ದು ಎನ್ನು ಎಂದರು.

ಹೋಗುತ್ತೇನೆ. ನನ್ನ ಸಹಿ ವಾಪಸು ಪಡೆಯುತ್ತೇನೆ. ಈ ಕಾರ್ಡು, ನಮ್ಮ ಆ ಹಳೇ ರೆಕಾರ್ಡಿಂಗು, ಎರಡನ್ನೂ ಪೂರ್ತಿ ಕೇಳಿಸಬೇಕಾಗುತ್ತದೆ. ಕತ್ತರಿಸಿದರೆ ನನಗೂ ನಿನಗೂ ವ್ಯತ್ಯಾಸವಿರುವುದಿಲ್ಲ. ಮುಚ್ಚಳ, ನಿನ್ನ ನಗು, ನೀನು ನನ್ನನ್ನು ಕರೆದ ರೀತಿ, ಎಲ್ಲವನ್ನೂ ಕೋಟು ಹಾಕಿಕೊಂಡ ಅಪರಿಚಿತರು ಮೇಜಿನ ಸುತ್ತ ಕೂತು ಕೇಳುತ್ತಾರೆ. ನಿಮ್ಮ ಕೆಲಸ ಹೋಗುತ್ತದೆಂದು ಗೊತ್ತು. ಸದ್ಯಕ್ಕೆ ಮನೆಗೆ ಬರಬೇಡಿ.

ಇಂತಿ,
ನಾಳೆಯಿಂದ ಎಲ್ಲರಿಗೂ ಕಿವುಡಿಯಾಗುವವಳು

ಮರೆತ ಮಾತು: ಆ ಕಾರ್ಡಿನ ಕೊನೆಯಲ್ಲಿ ನಿನ್ನ ಸ್ಪೀಕರು ಕೂಗಿ ನಿಂತ ಮೇಲೆ ಇನ್ನೊಂದು ಕೂಗಿದೆ. ಮೊದಲು ತೊರೆಯ ಕಡೆಯಿಂದ, ಮರುದಿನ ತೋಪಿನ ಅಂಚಿನಿಂದ, ಆಮೇಲೆ ರೆಕಾರ್ಡರಿನ ತೀರಾ ಹತ್ತಿರ. ಪ್ರತಿ ಸಲವೂ ಬೇರೆ ಥರ. ಅದು ನಿಜವಾದದ್ದು. ಜೊತೆ ಸಿಕ್ಕಿತೆಂದು ನಂಬಿ ಬಂದಿದೆ. ಅಲ್ಲಿ ಅದಕ್ಕೆ ತಿನ್ನಲು ಒಂದು ಹುಳುವಿಲ್ಲ, ಕೊರೆಯಲು ಒಂದು ಒಣಮರವಿಲ್ಲ. ಈ ಕಾಗದ ಓದಿದ ಕೂಡಲೇ ಮರ ಹತ್ತಿ ಆ ಸ್ಪೀಕರ್ ನಿಲ್ಲಿಸು. ಅದಾದರೂ ವಾಪಸು ಹೋಗಲಿ.