ಕತ್ತರಿಸಿದ ನಗುವನ್ನು ವಾಪಸ್ ಕೊಡಿ

ಮೌಖಿಕ ಇತಿಹಾಸ ಸಂಗ್ರಹದ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಯಜಮಾನರ ನಗುವನ್ನು ನೀವು ಕತ್ತರಿಸಿಟ್ಟುಕೊಂಡಿದ್ದೀರಿ. ಕಚೇರಿಗೆ ಬರೆದರೆ ಉತ್ತರವಿಲ್ಲ. ಹಾಗಾಗಿ ಊರಿಗೆಲ್ಲ ಕೇಳುವಂತೆ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ.

ಎರಡನೆಯ ಮಹಾಯುದ್ಧದಲ್ಲಿ ಯಜಮಾನರು ಸಿಂಗಪುರದಲ್ಲಿ ಜಪಾನಿನವರಿಗೆ ಸೆರೆ ಸಿಕ್ಕಿದ್ದರು. ಆ ನೆನಪುಗಳನ್ನು ಹೋದ ವರ್ಷ ನಿಮ್ಮ ಕಚೇರಿಯ ತಿರುಮಲೇಶರು ನಮ್ಮ ಮನೆಗೆ ಬಂದು ಟೇಪ್ ಮಾಡಿಕೊಂಡರು. "ಸಾರ್, ಸ್ವಲ್ಪ ಸೀರಿಯಸ್ಸಾಗಿ ಹೇಳಿ ಸಾರ್, ಯುದ್ಧದ ವಿಷಯ" ಎಂದು ಪಾಪ, ಮೇಲಿಂದ ಮೇಲೆ ಬೇಡಿಕೊಂಡರು. "ಯುದ್ಧಕ್ಕೆ ಹೋಗಿದ್ದು ನಾನೋ, ನೀವೋ?" ಎಂದು ಇವರು ಮತ್ತೆ ನಕ್ಕರು. ದೀಪಾವಳಿ ಕಳೆದ ಮೇಲೆ ಇವರು ತೀರಿಕೊಂಡರು.

ಹೋದ ತಿಂಗಳು ಜಯನಗರದ ಸಭಾಂಗಣದಲ್ಲಿ ಆ ಟೇಪು ಕೇಳಿಸುತ್ತೀರೆಂದು ಕರೆ ಬಂತು. ಇವರ ದನಿ ಕೇಳುವ ಆಸೆಗೆ, ಮೂಲೆ ಹಿಡಿದಿದ್ದವಳು ಎದ್ದೆ. ಕೋಣನಕುಂಟೆಯಿಂದ ನಾದಿನಿ ಮಾರಮ್ಮನನ್ನು ಕರೆಸಿಕೊಂಡೆ. ಇಬ್ಬರೂ ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲೇ ಕುಳಿತೆವು. ಶಹನಾಯಿ ಅಳತೊಡಗಿತು. ಆಮೇಲೆ ಇವರ ದನಿ: "ಶಿಬಿರದಲ್ಲಿ ಊಟಕ್ಕೆ ಬಹಳ ಕಷ್ಟವಿತ್ತು." ಮತ್ತೆ ಶಹನಾಯಿ.

"ಯಾರ್ ಇವ್ರು, ಅತ್ತಿಗೆ? ನಮ್ಮಣ್ಣ ಯಾವತ್ತ್ ಇಷ್ಟ್ ಮರ್ಯಾದಸ್ಥನಂಗೆ ಮಾತಾಡಿದ್ದ?" ಎಂದಳು ಮಾರಮ್ಮ. ಅವಳ ಪಿಸುಮಾತು ಹೊಲದ ಆಚೆ ಬದಿಗೂ ಕೇಳುತ್ತದೆ. ನನಗೆ ನಗು ಒತ್ತಿ ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ವೇದಿಕೆಯ ಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದ ತಾವು ಕರವಸ್ತ್ರದ ಸಂದಿಯಿಂದಲೇ ನನ್ನನ್ನು ದುರುಗುಟ್ಟಿ ನೋಡಿದಿರಿ. ಸತ್ತವರ ಹೆಂಡತಿ ನಗಬಾರದೆಂದು ಯಾವ ಸುತ್ತೋಲೆಯಲ್ಲಿದೆ, ಸ್ವಾಮಿ?

ಆ ಊಟದ ಕಷ್ಟವನ್ನು ಇವರು ನಿಜವಾಗಿ ಹೇಳಿದ್ದು ಹೀಗೆ. ಹಸಿವು ತಡೆಯಲಾರದೆ ಸೆರೆಯಾಳುಗಳು ಒಂದು ದಿನ ಸುಳ್ಳು ಮದುವೆ ಮಾಡಿದರು. ಎಲೆಯಿಲ್ಲದ ನೆಲದ ಮೇಲೆ ಪಂಕ್ತಿ ಕೂತಿತು. ಯಜಮಾನರು ಖಾಲಿ ಬಕೆಟ್ ಹಿಡಿದು ಅನ್ನ, ಸಾರು, ಒಬ್ಬಟ್ಟು ಬಡಿಸಿದರು. ವಿಲ್ಸನ್ ಗಾರ್ಡನ್ನಿನ ಗೆಳೆಯ ವೆಂಕಟಸ್ವಾಮಿಯವರ ಮುಂದೆ ಬಂದಾಗ ತಮಾಷೆಗೆ "ಒಬ್ಬಟ್ಟು ಮುಗೀತು" ಎಂದರು. ಅವರು ಧಡಕ್ಕನೆ ಎದ್ದರು. "ಗಂಡಿನ ಕಡೆಯೋರನ್ನ ಕರೆದು ಅವಮಾನ ಮಾಡ್ತೀರೇನ್ರಯ್ಯಾ?" ಎಂದು ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟರು. ಹೆಣ್ಣಿನ ಕಡೆಯವರೆಲ್ಲ ಕೈಮುಗಿದರು. ಗಲಾಟೆಗೆ ಜಪಾನಿ ಕಾವಲುಗಾರ ಬಂದೂಕು ಹಿಡಿದು ಓಡಿ ಬಂದ. ಮುನಿಸಿಕೊಂಡ ಬೀಗರನ್ನು ಅವನು ಎಲ್ಲಿ ಕಂಡಿದ್ದಾನೆ? ಕೊನೆಗೆ ಯಜಮಾನರು ಬರಿಗೈ ಚಾಚಿ, "ತಗೊಳಪ್ಪ, ತುಪ್ಪ ಜಾಸ್ತಿ ಹಾಕಿವ್ನಿ" ಎಂದರು. ವೆಂಕಟಸ್ವಾಮಿಯವರು ಮುಟ್ಟಿ ನೋಡಿ, "ಆರಿಹೋಗೈತೆ" ಎಂದರು!

ಆ ಮಳೆಗಾಲದಲ್ಲೇ ವೆಂಕಟಸ್ವಾಮಿಯವರಿಗೆ ಜ್ವರ ಬಂತು. ಔಷಧಿಯಿಲ್ಲ. ಕೊನೆಯ ದಿನ ಯಜಮಾನರು ಮತ್ತೆ ಬರಿಗೈ ಚಾಚಿದರು. "ಈಗ ಬಿಸಿಯಾಗೈತೆ ಕಣಯ್ಯಾ" ಎಂದು ಅವರು ಒಪ್ಪಿಕೊಂಡರು. ಈ ಮಾತಿಗೆ ಬಂದಾಗಲೆಲ್ಲ ಇವರು ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದರು. ನೀರು ಬಂದ ಮೇಲೂ ನಗುತ್ತಿದ್ದರು. ನಿಮ್ಮ ಟೇಪಿನ ಮುಂದೆಯೂ ನಕ್ಕರು. ನಾನು ಬಾಗಿಲಲ್ಲಿ ನಿಂತು ಕೇಳಿದ್ದೇನೆ. ಅದನ್ನೆಲ್ಲ ಬ್ಲೇಡಿನಿಂದ ಕತ್ತರಿಸಿ "ಕಷ್ಟವಿತ್ತು" ಎಂಬುದನ್ನಷ್ಟೇ ಉಳಿಸಿಕೊಂಡಿರಿ. ಯುದ್ಧದಲ್ಲಿ ಕಷ್ಟವಿತ್ತೆಂದು ಹೇಳಲು ಸೆರೆಯಾಳೇ ಬೇಕೇ? ಶಾಲೆಯ ಪುಸ್ತಕ ಸಾಲದೇ?

ನಾನು ಹೆಚ್ಚು ಓದಿದವಳಲ್ಲ. ದಿನಚರಿ ಮಾತ್ರ ಬರೆಯುತ್ತೇನೆ. ಟೇಪ್ ಮಾಡಿದ ದಿನದ ಪುಟದಲ್ಲಿ "ಇವರು ತುಂಬ ನಕ್ಕರು" ಎಂದಿದೆ. ಎಷ್ಟು ಸಲ ಓದಿದರೂ ಸದ್ದು ಬರುವುದಿಲ್ಲ.

ಕತ್ತರಿಸಿದ ತುಂಡುಗಳನ್ನು ಎಸೆಯಲು ಮನಸ್ಸಾಗದೆ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಾಗಿ ತಿರುಮಲೇಶರು ಹೇಳಿದ್ದಾರೆ. ಅವರ ಮೇಲೆ ಕ್ರಮ ಕೈಗೊಳ್ಳಬೇಡಿ, ಬಡ್ತಿ ಕೊಡಿ. ಆ ತುಂಡುಗಳನ್ನು ಅಂಟಿಸಿ ಅದೇ ಸಭಾಂಗಣದಲ್ಲಿ, ಶಹನಾಯಿ ಇಲ್ಲದೆ, ಪೂರ್ತಿ ಕೇಳಿಸಿ. ಮಾರಮ್ಮನೂ ನಾನೂ ಮೊದಲ ಸಾಲಿಗೇ ಬರುತ್ತೇವೆ. ಬಿಸಿ ಒಬ್ಬಟ್ಟು ನಾನೇ ತರುತ್ತೇನೆ. ವೆಂಕಟಸ್ವಾಮಿಯವರಿಗೂ ಒಂದು ಎಲೆ ಹಾಕಿಸಿ. ಗಂಡಿನ ಕಡೆಯವರು, ಮತ್ತೆ ಮುನಿಸಿಕೊಂಡರೆ ಸಮಾಧಾನ ಮಾಡಲು ಈಗ ಇವರಿಲ್ಲ.

ಇಂತಿ,
ತಮ್ಮ ಸಭೆಯಲ್ಲಿ ನಕ್ಕು ಶಿಸ್ತು ಕೆಡಿಸಿದ,
ಪಿಳ್ಳಪ್ಪನವರ ಮನೆಯವರು ಮುನಿವೆಂಕಟಮ್ಮ
ಬನಶಂಕರಿ, ೧೯೮೪